ಮುಟ್ಟಿ ನೋಡಿದ ಯಂತ್ರ

2012ನೆಯ ಇಸವಿಯ ಫೆಬ್ರವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್ ನಗರದ ಕೆಲವರು ವಿದ್ವಾಂಸರೂ ಯಂತ್ರಶಿಲ್ಪಿಗಳೂ ಕೂಡಿ, ಅಂಗೈಯಗಲದ ಹಲಗೆಯ ರೂಪದ ಒಂದು ಗಣಕಯಂತ್ರವನ್ನು ರಾಸ್ಬೆರಿ ಪೈ ಎಂಬ ಹೆಸರಿಟ್ಟು 35 ಡಾಲರುಗಳಿಗೆ ಮಾರಾಟಕ್ಕೆ ತಂದರೆಂಬ ವಾರ್ತೆಯನ್ನು ಓದಿದಾಗ, ವಿಶಾಖಪಟ್ಟಣದ ಒಂದು ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕನಾಗಿದ್ದ ನನಗೆ ಉಂಟಾದ ಸಂತೋಷದಲ್ಲಿ ಹೊಸ ವಸ್ತುವಿನ ಕುತೂಹಲಕ್ಕಿಂತ ಹಳೆಯ ಬಯಕೆಯೊಂದರ ಪಾಲೇ ಹೆಚ್ಚಾಗಿತ್ತು. ಆ ಬಯಕೆಯ ಕಥೆ ಹೇಳದೆ ಈ ಪುಟ್ಟ ಹಲಗೆಯ ಕಥೆ ಪೂರ್ತಿಯಾಗಲಾರದು.

1984–85ರಲ್ಲಿ ಭಾರತ ಸರ್ಕಾರವು ಶಾಲೆಯ ಮಕ್ಕಳಿಗೆ ಗಣಕದ ಪರಿಚಯ ಮಾಡಿಸಬೇಕೆಂಬ ಸದುದ್ದೇಶದಿಂದ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಕೇಂಬ್ರಿಜ್ಜಿನ ಏಕಾರ್ನ್ ಕಂಪನಿಯು ಬಿ.ಬಿ.ಸಿ.ಗಾಗಿ ನಿರ್ಮಿಸಿದ್ದ ಮೈಕ್ರೋ ಎಂಬ ಯಂತ್ರವನ್ನು ದೇಶದ ಕೆಲವು ಶಾಲೆಗಳಿಗೆ ಕೊಡಿಸಿತು. ಕೃಷ್ಣಾತೀರದಲ್ಲಿದ್ದ ನನ್ನ ಪ್ರೌಢಶಾಲೆಗೂ ಅದು ಬಂದಿತು. ಬಂದುದು ಮಾತ್ರವೇ ಹೊರತು ನಮ್ಮ ಕೈಗೆ ಸಿಕ್ಕಲಿಲ್ಲ. ಅದಕ್ಕಾಗಿ ಒಂದು ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗಳಿಗೆ ಪರದೆ ಕಟ್ಟಿಸಿ, ಚಪ್ಪಲಿಗಳನ್ನು ಹೊರಗೆ ಬಿಡಬೇಕೆಂದು ಫಲಕ ಬರೆಯಿಸಿ, ವಾರಕ್ಕೊಮ್ಮೆ ನಮ್ಮನ್ನು ಸಾಲಾಗಿ ಒಳಗೆ ಕರೆದೊಯ್ದು ಕೈಕಟ್ಟಿಸಿ ನಿಲ್ಲಿಸುತ್ತಿದ್ದರು. ಗುಂಡಿ ಒತ್ತಿದೊಡನೆ ಅದು ಎರಡು ಸ್ವರಗಳಲ್ಲಿ ಕೂಗಿ ಎಚ್ಚರವಾಗುವುದನ್ನೂ, ಕಪ್ಪು ತೆರೆಯ ಮೇಲೆ ಬೇಸಿಕ್ ಎಂಬ ಭಾಷೆಯ ಹೆಸರು ಮೂಡಿ ಅದರ ಕೆಳಗೆ ಸಣ್ಣ ಗೆರೆಯೊಂದು ಮಿಣುಕುತ್ತ ಏನನ್ನಾದರೂ ಹೇಳೆಂದು ಕಾಯುವುದನ್ನೂ, ಕೀಲಿಮಣೆಯ ಮೇಲಿನ ಸಾಲಿನ ಕೆಂಪು ಗುಂಡಿಗಳನ್ನೂ ನಾನು ಕಣ್ತುಂಬ ಕಂಡಿದ್ದೇನೆ. ಆದರೆ ಆ ಗುಂಡಿಗಳಲ್ಲಿ ಒಂದನ್ನಾದರೂ ಒತ್ತುವ ಭಾಗ್ಯ ನನಗೆ ಒದಗಲಿಲ್ಲ. ಕೆಟ್ಟುಹೋದರೆ ರಿಪೇರಿಗೆ ಹಣವೆಲ್ಲಿಂದ ತರುವುದೆಂಬ ಭಯ ಅಧ್ಯಾಪಕರಿಗೆ ಇದ್ದಿತೆಂಬುದನ್ನು ಈಗ ನಾನೇ ಅಧ್ಯಾಪಕನಾಗಿ ಬಲ್ಲೆ. ಆದರೂ ಹದಿಮೂರರ ವಯಸ್ಸಿನ ಹುಡುಗನ ಮನಸ್ಸಿನಲ್ಲಿ ಉಳಿದ ಕೊರಗು ಆ ತಿಳಿವಳಿಕೆಯಿಂದ ಕರಗುವಂತಹದಲ್ಲ.

ವಿಚಿತ್ರವೆಂದರೆ, ಹೊಸದಾಗಿ ಬಂದ ಈ ಅಗ್ಗದ ಯಂತ್ರವು ಅದೇ ಮನೆತನದ್ದು. ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬ ಇಬ್ಬರು 1985ರಲ್ಲಿ ರೂಪಿಸಿದ ಆರ್ಮ್ ಎಂಬ ಸಂಸ್ಕಾರಕದ ಸಂತತಿಯೇ ರಾಸ್ಬೆರಿ ಪೈಯ ಹೃದಯದಲ್ಲಿ ಕುಳಿತಿದೆ. ನಮ್ಮೆಲ್ಲರ ಮೊಬೈಲುಗಳಲ್ಲಿಯೂ ಅದೇ. ಇದರ ನಿರ್ಮಾಪಕರಲ್ಲಿ ಪ್ರಮುಖನಾದ ಎಬೆನ್ ಅಪ್ಟನ್, ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಗಣಕವಿಜ್ಞಾನದ ವಿದ್ಯಾರ್ಥಿಗಳ ಹೊಣೆ ಹೊತ್ತಿದ್ದಾಗ, ವರ್ಷದಿಂದ ವರ್ಷಕ್ಕೆ ಪ್ರವೇಶ ಕೋರಿ ಬರುವವರ ಸಂಖ್ಯೆಯೂ ಅವರ ಕೈಕುಶಲವೂ ಕುಂದುತ್ತಿರುವುದನ್ನು ಕಂಡು, ಹಿಂದಿನ ಮಕ್ಕಳಿಗೆ ಮನೆಯಲ್ಲಿಯೇ ಬಿ.ಬಿ.ಸಿ. ಮೈಕ್ರೋವಿನಂತಹ ಬಿಚ್ಚುಮನಸ್ಸಿನ ಯಂತ್ರ ದೊರಕುತ್ತಿತ್ತು, ಇಂದಿನವರಿಗೆ ಅದಿಲ್ಲ ಎಂದು ಚಿಂತಿಸಿದನಂತೆ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯಿಂದ ನಡೆಯುವ ಇಂತಹ ಅಗ್ಗದ ಯಂತ್ರದ ಕನಸು ನಮಗೆ ಅಪರಿಚಿತವಾದುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರೊಡಗೂಡಿ ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಸಿಂಪ್ಯೂಟರ್ ಎಂಬ ಯಂತ್ರವನ್ನು ರಚಿಸಿದ್ದರು. ಅದರಲ್ಲಿದ್ದುದೂ ಲಿನಕ್ಸೇ, ಆರ್ಮ್ ವಂಶದ ಸಂಸ್ಕಾರಕವೇ. ಅದು ಹೆಚ್ಚು ಮನೆಗಳನ್ನು ಸೇರಲಿಲ್ಲವೆಂಬುದು ನನಗೆ ಇಂದಿಗೂ ವ್ಯಸನದ ಸಂಗತಿ. ಸಿಂಪ್ಯೂಟರು ಹಳ್ಳಿಯ ಮನುಷ್ಯನ ಬಳಕೆಗೆಂದು ಹುಟ್ಟಿತು. ರಾಸ್ಬೆರಿ ಪೈ ಕಲಿಯುವವನು ಬಿಚ್ಚಿ ಕೆದಕಲೆಂದು ಹುಟ್ಟಿತು. ನಾನು ಹದಿಮೂರರಿಂದಲೂ ಕೆದಕಬೇಕೆಂದು ಹಂಬಲಿಸಿದವನಾದುದರಿಂದ ನನ್ನ ಒಲವು ಎರಡನೆಯದರ ಕಡೆಗೆ.

ನನ್ನ ಹಲಗೆ ಅಂಚೆಯಲ್ಲಿ ಬಂದುದು 2013ರಲ್ಲಿ. ಸುಂಕ ಸಾಗಾಣಿಕೆಗಳೆಲ್ಲ ಸೇರಿ ಬೆಲೆ ಕೊಂಚ ಏರಿದ್ದರೂ ಒಂದು ಸಾಧಾರಣ ಮೊಬೈಲಿಗೆ ಕೊಡುವುದಕ್ಕಿಂತ ಹೆಚ್ಚಾಗಿರಲಿಲ್ಲ. ರಟ್ಟಿನ ಪೊಟ್ಟಣದಿಂದ ತೆಗೆದು ಅಂಗೈ ಮೇಲಿಟ್ಟುಕೊಂಡಾಗ ಕಂಡುದು ಬೆತ್ತಲೆ ಹಸಿರು ಹಲಗೆ. ಮೇಲೆ ಹೊದಿಕೆಯಿಲ್ಲ, ಗುಂಡಿಯಿಲ್ಲ, ತೆರೆಯಿಲ್ಲ, ಹಾರ್ಡ್ ಡಿಸ್ಕಿಲ್ಲ. ನಟ್ಟನಡುವೆ ಬೆರಳುಗುರಿನಷ್ಟು ಅಗಲದ ಕಪ್ಪು ಚಿಪ್ಪು, ಅದರಲ್ಲಿ 700 ಮೆಗಾಹರ್ಟ್ಸ್ ವೇಗದ ಸಂಸ್ಕಾರಕವೂ 512 ಮೆಗಾಬೈಟಿನ ಸ್ಮೃತಿಯೂ ಒಂದರ ಬೆನ್ನ ಮೇಲೊಂದು. ಒಂದು ಮೂಲೆಯಲ್ಲಿ ಹಳೆಯ ಟಿ.ವಿ.ಗೆ ಸಿಕ್ಕಿಸುವ ಹಳದಿ ಸಾಕೆಟ್ಟು, ಅದರ ಪಕ್ಕದಲ್ಲಿಯೇ ಎರಡು ಸಾಲಾಗಿ ಎದ್ದು ನಿಂತ 26 ಪಿನ್ನುಗಳು. ಚಾರ್ಜರಿನ ತಂತಿ ಸಿಕ್ಕಿಸಿದರೆ ಒಂದು ಕೆಂಪು ದೀಪ ಹತ್ತಿತೇ ಹೊರತು ಬೇರೇನೂ ನಡೆಯಲಿಲ್ಲ. ಅದು ಸಹಜವೇ. ಈ ಯಂತ್ರಕ್ಕೆ ವಿದ್ಯುತ್ತು ಹೋದರೂ ಉಳಿಯುವ ತನ್ನದೆಂಬ ನೆನಪು ಇಲ್ಲವೇ ಇಲ್ಲ. ಅದರ ಬುದ್ಧಿ, ಭಾಷೆ, ಅಭ್ಯಾಸಗಳೆಲ್ಲ ನಾವು ಬರೆದು ಸಿಕ್ಕಿಸುವ ಮೆಮರಿ ಕಾರ್ಡಿನಲ್ಲಿ ಇರತಕ್ಕವು.

ಅದಕ್ಕೆಂದೇ ಡೆಬಿಯನ್ ಲಿನಕ್ಸನ್ನು ಒಗ್ಗಿಸಿ ಸಿದ್ಧಪಡಿಸಿದ್ದ ರಾಸ್ಬಿಯನ್ ಎಂಬ ವ್ಯವಸ್ಥೆಯ ಸುಮಾರು 2 ಗಿಗಾಬೈಟಿನ ಪ್ರತಿಯನ್ನು ಕಾಲೇಜಿನ ಯಂತ್ರದಲ್ಲಿ ಇಳಿಸಿಕೊಂಡು, ಕಾರ್ಡಿನ ಮೇಲೆ ಅದನ್ನು ಒಂದು ಬಿಟ್ಟೂ ಬಿಡದಂತೆ ಬರೆಯಿಸಿ, ರಾತ್ರಿಯ ಊಟವಾದ ಮೇಲೆ ಎಂ.ವಿ.ಪಿ. ಕಾಲೊನಿಯ ನನ್ನ ಮನೆಯ ಟಿ.ವಿ.ಗೆ ಹಲಗೆಯನ್ನು ಜೋಡಿಸಿ ವಿದ್ಯುತ್ತು ಕೊಟ್ಟೆನು. ಮೊದಲು ಕ್ಷಣಕಾಲ ಕಾಮನಬಿಲ್ಲಿನ ಬಣ್ಣಗಳ ಚೌಕವೊಂದು ಮೂಡಿ ಮರೆಯಾಯಿತು. ಅನಂತರ ಕಪ್ಪು ತೆರೆಯ ಎಡ ಮೂಲೆಯಲ್ಲಿ ಒಂದು ಕೆಂಪು ಹಣ್ಣಿನ ಚಿತ್ರ, ಅದರ ಕೆಳಗೆ ದಡದಡನೆ ಇಳಿಯುವ ಬಿಳಿಯ ಸಾಲುಗಳು. ನಾವು ದಿನವೂ ಬಳಸುವ ಯಂತ್ರಗಳು ಈ ಸಾಲುಗಳನ್ನು ಕಂಪನಿಯ ಮುದ್ರೆಯೊಂದರ ಹಿಂದೆ ಬಚ್ಚಿಟ್ಟುಬಿಡುತ್ತವೆ. ಇಲ್ಲಿ ಯಾವ ಮರೆಯೂ ಇಲ್ಲ: ಸ್ಮೃತಿ ಇಷ್ಟು ಸಿಕ್ಕಿತು, ಯು.ಎಸ್.ಬಿ. ದ್ವಾರದಲ್ಲಿ ಕೀಬೋರ್ಡೊಂದು ಕಂಡಿತು, ಕಾರ್ಡಿನಲ್ಲಿ ಎರಡು ಭಾಗಗಳಿವೆ, ಎರಡನೆಯದನ್ನು ತೆರೆಯುತ್ತಿದ್ದೇನೆ ಎಂದು ಯಂತ್ರವು ಎಚ್ಚರಗೊಳ್ಳುತ್ತ ತನ್ನ ಅಂಗಾಂಗಗಳನ್ನು ಒಂದೊಂದಾಗಿ ತಡವಿ ನೋಡಿಕೊಂಡು ಲೆಕ್ಕ ಒಪ್ಪಿಸುತ್ತದೆ. ಕೊನೆಗೆ ಹೆಸರು ಕೇಳಿತು. ಆ ಕಾಲದಲ್ಲಿ ಎಲ್ಲ ಹಲಗೆಗಳಿಗೂ ಪೈ ಎಂಬುದೇ ಹೆಸರು, ರಾಸ್ಬೆರಿ ಎಂಬುದೇ ಗುಟ್ಟಿನ ಪದ. ಒಳಗೆ ಹೋದೆ. ಮಿಣುಕುವ ಗೆರೆಯೊಂದು ನನಗಾಗಿ ಕಾಯುತ್ತಿತ್ತು. ಈ ಸಲ ಕೈಕಟ್ಟಿ ನಿಲ್ಲೆನ್ನುವವರು ಯಾರೂ ಇರಲಿಲ್ಲ. ಆ ರಾತ್ರಿ ಮಲಗುವಾಗ ಬೆಳಗಿನ ಜಾವವಾಗಿತ್ತು.

ಲಿನಕ್ಸಿನ ಆಜ್ಞೆಗಳನ್ನು ಕಲಿಯುವುದು ಕಷ್ಟವೆಂಬ ಮಾತುಂಟು. ನಾನು ಅದನ್ನು ಒಪ್ಪುವುದಿಲ್ಲ. ಹತ್ತು ಹದಿನೈದು ಆಜ್ಞೆಗಳು ಕೈಗೆ ಹತ್ತಿದರೆ ಉಳಿದವು ತಾವಾಗಿ ಬರುತ್ತವೆ. ಮರೆತುದನ್ನು ಯಂತ್ರದ ಕೈಪಿಡಿಯೇ ಹೇಳಿಕೊಡುತ್ತದೆ. ಕಷ್ಟವಿರುವುದು ಬೇರೆ ಎಡೆಯಲ್ಲಿ, ಅದು ನನಗೆ ತಿಳಿದುದು ವಿಜಯವಾಡದಲ್ಲಿ.

ವಿಜಯವಾಡದಲ್ಲಿ ನನ್ನ ತಂಗಿಯ ಸಂಸಾರ. ಭಾವನವರಿಗೆ ರೈಲ್ವೆಯಲ್ಲಿ ನೌಕರಿ. 2014ರ ಬೇಸಗೆಯ ರಜೆಗೆ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ, ತುನಿ, ಅನ್ನವರಂ, ಸಾಮರ್ಲಕೋಟೆಗಳನ್ನು ದಾಟಿ, ರಾಜಮಹೇಂದ್ರಿಯ ಬಳಿ ಗೋದಾವರಿಯ ಆ ದೀರ್ಘ ಸೇತುವೆಯ ಮೇಲೆ ಹಾದು ಹೋಗುವಾಗ ಹಲಗೆ ನನ್ನ ಚೀಲದಲ್ಲಿ, ಟವಲಿನ ಮಡಿಕೆಯೊಳಗಿತ್ತು. ಆಂಧ್ರ ವಿಶ್ವವಿದ್ಯಾಲಯವು 1926ರಲ್ಲಿ ಹುಟ್ಟಿದುದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ; ಕೆಲವು ವರ್ಷಗಳ ತರುವಾಯವೇ ಅದು ವಿಶಾಖಪಟ್ಟಣಕ್ಕೆ ಹೋದುದು. ಅದರ ಮೊದಲ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೆ ಮುನ್ನ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ವಿದ್ಯೆ ಹಿಂದೆ ಹೋದ ದಾರಿಯಲ್ಲಿ ನಾನು ಎದುರುಮುಖವಾಗಿ ಒಂದಿಷ್ಟನ್ನು ಒಯ್ಯುತ್ತಿದ್ದೇನೆಂಬ ಭಾವನೆ ಆ ಪ್ರಯಾಣದಲ್ಲಿ ನನಗೆ ಹಿತವಾಗಿದ್ದಿತು.

ತಂಗಿಯ ಮಗಳಿಗೆ ಆಗ ಹನ್ನೆರಡು ವರ್ಷ. ಮನೆಯ ಮಾತು ಬಾಗಲಕೋಟೆಯ ಕಡೆಯ ಕನ್ನಡ. ಓದು ಬರಹವೆಲ್ಲ ತೆಲುಗಿನಲ್ಲಿ. ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಮಾ, ಇದರ ಡಬ್ಬಿ ಎಲ್ಲೈತಿ?" ಎಂದಳು. ಡಬ್ಬಿಯಿಲ್ಲ, ಇರುವುದಿಷ್ಟೇ ಎಂದೆ. "ಹಂಗಂದ್ರ ಎಲ್ಲಾ ಕಾಣ್ತೈತಲ್ಲ!" ಎಂದು ಹುಬ್ಬೇರಿಸಿ ಅದರ ಮುಂದೆ ಕುಳಿತುಬಿಟ್ಟಳು.

ಅವರ ಮನೆಯಲ್ಲಿದ್ದುದು ಹೊಟ್ಟೆ ಉಬ್ಬಿದ ಹಳೆಯ ಟಿ.ವಿ. ಹಳದಿ ಸಾಕೆಟ್ಟಿಗೆ ತಂತಿ ಸಿಕ್ಕಿಸಿದರೆ ಚಿತ್ರ ಬಂತು, ಬಣ್ಣ ಬರಲಿಲ್ಲ. ಹಲಗೆಯು ತಾನಾಗಿ ಹೊರಡಿಸುವುದು ಅಮೆರಿಕದ ಎನ್.ಟಿ.ಎಸ್.ಸಿ. ಕ್ರಮದ ಸಂಕೇತ, ನಮ್ಮ ದೇಶದ ಟಿ.ವಿ.ಗಳದು ಪಾಲ್ ಕ್ರಮ. ಕಾರ್ಡಿನಲ್ಲಿರುವ ಕಾನ್ಫಿಗ್ ಎಂಬ ಸಾದಾ ಕಡತವನ್ನು ತೆರೆದು ಒಂದು ಸಾಲಿನಲ್ಲಿ 2 ಎಂಬ ಅಂಕಿಯನ್ನು ಹಾಕಿ ಮತ್ತೆ ಚಾಲೂ ಮಾಡಿದಾಗ ಬಣ್ಣ ಬಂದಿತು. ಒಂದು ಅಂಕಿಯಿಂದ ಇಡೀ ತೆರೆಗೆ ಬಣ್ಣ ಬಂದುದನ್ನು ಕಂಡ ಹುಡುಗಿ ಆ ಕಡತದ ಉಳಿದ ಸಾಲುಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿ ನೋಡತೊಡಗಿದಳು. ಸಂಜೆಯ ಹೊತ್ತಿಗೆ ಯಂತ್ರ ಏಳಲೊಲ್ಲದು. ಅವಳ ಮುಖ ಬಾಡಿತು. "ಕೆಟ್ಟೋತೇನು?" ಎಂದಳು. ಕಾರ್ಡನ್ನು ತೆಗೆದು ಭಾವನವರ ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಬರೆದುಕೊಟ್ಟೆ. ಊಟದ ವೇಳೆಗೆ ಯಂತ್ರ ಅಂಗಡಿಯಿಂದ ಬಂದಂತೆ ಎದ್ದು ನಿಂತಿತು. ಬಳಪದಿಂದ ಬರೆದ ಸ್ಲೇಟನ್ನು ಒರೆಸಿ ಮತ್ತೆ ಬರೆಯುವುದಕ್ಕಿಂತ ಹೆಚ್ಚಿನ ನಷ್ಟ ಇದರಲ್ಲಿಲ್ಲ ಎಂದು ಅರಿತ ಮೇಲೆ ಆ ಮಗುವಿನ ಬೆರಳುಗಳಿಗೆ ಬಂದ ಧೈರ್ಯವನ್ನು ನಾನು ಕಣ್ಣಾರೆ ಕಂಡೆ. ಈ ಹಲಗೆಯ ಅಗ್ಗವೆಂಬುದು ಬರಿಯ ಬೆಲೆಯ ಮಾತಲ್ಲವೆಂದೂ, ನನ್ನ ಶಾಲೆಯವರಿಗೆ ಕೊಡಲಾಗದೆ ಹೋದ ಅಭಯವನ್ನು ಇದು ಕೊಡುತ್ತದೆಂದೂ ನನಗೆ ಮನದಟ್ಟಾದುದು ಆ ಸಂಜೆಯಲ್ಲಿ.

ಇನ್ನು ನಿಜವಾದ ಕಷ್ಟದ ವಿಷಯ. ಮರುದಿನ ಕೀಬೋರ್ಡು ಹುಚ್ಚು ಹಿಡಿದಂತೆ ಆಡತೊಡಗಿತು. ಒಂದು ಅಕ್ಷರ ಒತ್ತಿದರೆ ಹತ್ತು ಬೀಳುವುದು. ಕೆಲವೊಮ್ಮೆ ಒತ್ತಿದರೂ ಬೀಳದು. ನಡುನಡುವೆ ಯಂತ್ರವೇ ಮಲಗಿ ಏಳುವುದು. ಕಾರ್ಡು ಬದಲಾಯಿಸಿದ್ದಾಯಿತು, ಕೀಬೋರ್ಡು ಬದಲಾಯಿಸಿದ್ದಾಯಿತು. ಕೊನೆಗೆ ಗವರ್ನರ್‌ಪೇಟೆಯ ಒಂದು ಓಣಿಯಲ್ಲಿ ರೇಡಿಯೋ ರಿಪೇರಿಯ ಹಳೆಯ ಅಂಗಡಿ ಇಟ್ಟುಕೊಂಡಿದ್ದ ವೃದ್ಧರೊಬ್ಬರ ಬಳಿಗೆ ಹುಡುಗಿಯನ್ನು ಕರೆದುಕೊಂಡು ಹೋದೆ. ಅಂತಹ ಹಲಗೆಯನ್ನು ಅವರು ಅದುವರೆಗೆ ಕಂಡವರಲ್ಲ. ಆದರೂ ಕನ್ನಡಕ ಏರಿಸಿಕೊಂಡು, ಅದರ ಮೇಲೆ ಸೂಜಿಮೊನೆಯ ಅಕ್ಷರಗಳಲ್ಲಿ ಟಿಪಿ1, ಟಿಪಿ2 ಎಂದು ಗುರುತು ಮಾಡಿದ್ದ ಎರಡು ಚುಕ್ಕೆಗಳನ್ನು ಹುಡುಕಿ, ಯಂತ್ರ ನಡೆಯುತ್ತಿರುವಂತೆಯೇ ಮಲ್ಟಿಮೀಟರಿನ ಎರಡು ಮೊನೆಗಳನ್ನು ಅವುಗಳ ಮೇಲೆ ಊರಿದರು. ಐದು ವೋಲ್ಟು ಇರಬೇಕಾದಲ್ಲಿ, ಕಡಮೆಯೆಂದರೆ 4.75 ಆದರೂ ಇರಬೇಕಾದಲ್ಲಿ, ಮೀಟರು 4.4 ತೋರಿಸುತ್ತಿತ್ತು. "ಮಾಸ್ಟಾರೂ, ಪವರ್ ಚಾಲಡಂ ಲೇದಂಡಿ" ಎಂದರು, ಅಂದರೆ ಪವರ್ ಸಾಲುತ್ತಿಲ್ಲವೆಂದು. ಚಾರ್ಜರಿನ ತಪ್ಪೂ ಅಲ್ಲ. ತಂತಿಯೊಳಗಿನ ತಾಮ್ರ ಕೂದಲೆಳೆಯಷ್ಟು ತೆಳುವಾಗಿ, ಐದು ವೋಲ್ಟಿನಲ್ಲಿ ಅರ್ಧ ವೋಲ್ಟನ್ನು ದಾರಿಯಲ್ಲಿಯೇ ತಿಂದುಹಾಕುತ್ತಿತ್ತು. ಅಂಗಡಿಯಲ್ಲಿದ್ದ ದಪ್ಪ ತಂತಿಯೊಂದನ್ನು ಗಿಡ್ಡವಾಗಿ ಕತ್ತರಿಸಿ, ಹಳೆಯ ತಂತಿಯ ತುದಿಯನ್ನು ಅದಕ್ಕೆ ಬೆಸೆದುಕೊಟ್ಟರು. ಮೀಟರು 4.9ಕ್ಕೆ ಏರಿತು, ಕೀಬೋರ್ಡಿನ ಹುಚ್ಚು ಬಿಟ್ಟುಹೋಯಿತು. ಹೊಸದಾಗಿ ಇದನ್ನು ಕೊಳ್ಳುವವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ತಂತಿಯ ಮಾತು. ಇದನ್ನು ನಂಬಲಾಗದೆ ದಿನಗಟ್ಟಲೆ ಲಿನಕ್ಸನ್ನು ಬೈದುಕೊಂಡವರನ್ನು ನಾನು ಬಲ್ಲೆ.

ಆ ವೃದ್ಧರು ದುಡ್ಡು ತೆಗೆದುಕೊಳ್ಳಲಿಲ್ಲ. ಬದಲಿಗೆ ಆ 26 ಪಿನ್ನುಗಳ ಉಪಯೋಗವೇನೆಂದು ಕೇಳಿದರು. ಅವರ ಮೇಜಿನ ಮೇಲೆಯೇ, 330 ಓಮಿನ ಒಂದು ರೆಸಿಸ್ಟರನ್ನೂ ಕೆಂಪು ಎಲ್.ಇ.ಡಿ.ಯೊಂದನ್ನೂ ಅವರಿಂದಲೇ ಪಡೆದು ಪಿನ್ನುಗಳಿಗೆ ಸಿಕ್ಕಿಸಿ, ಪೈಥಾನ್ ಎಂಬ ಭಾಷೆಯ ನಾಲ್ಕು ಸಾಲುಗಳಿಂದ ದೀಪವನ್ನು ಮಿನುಗಿಸಿ ತೋರಿಸಿದೆವು. ಈ ಪಿನ್ನುಗಳಿಗೆ 3.3 ವೋಲ್ಟಿಗಿಂತ ಹೆಚ್ಚು ಸೋಕಿಸಬಾರದೆಂದು ನಾನು ಹೇಳುವ ಮುನ್ನವೇ ಅವರು ಮೀಟರಿನಿಂದ ಅದನ್ನು ಅಳೆದು ತಿಳಿದುಕೊಂಡಿದ್ದರು. ಬರಿಗಣ್ಣಿಗೆ ಕಾಣುವಂತೆ ಎಲ್ಲವನ್ನೂ ಹೊರಗಿಟ್ಟ ಯಂತ್ರವನ್ನು ಕಂಡಾಗ, ವಾಲ್ವುಗಳ ಕಾಲದಿಂದ ಕೈಯಾಡಿಸಿದ ಒಬ್ಬ ಹಿರಿಯರಿಗೂ ಹನ್ನೆರಡರ ಹುಡುಗಿಗೂ ಒಂದೇ ಬಗೆಯ ಉತ್ಸಾಹ ಹುಟ್ಟಿದುದು ನನಗೆ ಬಹಳ ಸಂತೋಷವನ್ನು ಕೊಟ್ಟಿತು.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಹಲಗೆಗೆ ಡಿಜಿಟಲ್ ಉಷ್ಣಮಾಪಕವೊಂದನ್ನು ಜೋಡಿಸಿ, ಹತ್ತು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದಿಡುವಂತೆ ವಿಧಿಸಿ, ಮನೆಯ ಮೊಗಸಾಲೆಯಲ್ಲಿಟ್ಟೆನು. ಆ ವರ್ಷ ಅಕ್ಟೋಬರ್ 12ರ ಭಾನುವಾರ ಹುದ್‌ಹುದ್ ಚಂಡಮಾರುತವು ಗಂಟೆಗೆ 180 ಕಿಲೋಮೀಟರಿನ ಆಸುಪಾಸಿನ ವೇಗದ ಗಾಳಿಯೊಡನೆ ನಮ್ಮ ಊರಿನ ಮೇಲೆಯೇ ದಡ ಹತ್ತಿತು. ಹಗಲಿಡೀ ಗಾಳಿಯ ಆರ್ಭಟ. ಬೀದಿಗಳಲ್ಲಿ ಬುಡಮೇಲಾದ ಮರಗಳು. ವಿಮಾನನಿಲ್ದಾಣದ ಚಾವಣಿ ಹರಿದುಹೋಗಿತ್ತು. ಕೈಲಾಸಗಿರಿಯ ಹಸಿರು ಬೋಳಾಗಿತ್ತು. ನಮ್ಮ ಬೀದಿಗೆ ವಿದ್ಯುತ್ತು ದಿನಗಟ್ಟಲೆ ಇರಲಿಲ್ಲ. ಮರಳಿ ಬಂದಾಗ ಹಲಗೆ ಎದ್ದಿತು, ಕಾರ್ಡಿಗೂ ಏನೂ ಆಗಿರಲಿಲ್ಲ. ಆದರೆ ಅದು ಬರೆದಿಟ್ಟುದನ್ನು ಓದಿದಾಗ ಆಶ್ಚರ್ಯಪಟ್ಟೆ. ವಿದ್ಯುತ್ತು ಹೋಗುವ ಮುನ್ನಿನ ಕೊನೆಯ ದಾಖಲೆ ಭಾನುವಾರ ಬೆಳಗಿನ ಜಾವ 4 ಗಂಟೆ 50 ನಿಮಿಷದ್ದು. ಅದರ ಮರುಸಾಲು ಮತ್ತೆ ಅದೇ ಭಾನುವಾರದ 4 ಗಂಟೆ 20 ನಿಮಿಷದ್ದು. ಹಲಗೆಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಅಂತರಜಾಲದಿಂದ ಅದು ಹೊತ್ತು ಕೇಳಿಕೊಳ್ಳುತ್ತದೆ. ಜಾಲವಿಲ್ಲದಾಗ ಉಪಯೋಗಕ್ಕೆ ಬರಲೆಂದು ರಾಸ್ಬಿಯನ್ ಪ್ರತಿ ಗಂಟೆಯ 17ನೆಯ ನಿಮಿಷಕ್ಕೆ ಆಗಿನ ಸಮಯವನ್ನು ಕಾರ್ಡಿನಲ್ಲಿ ಬರೆದುಕೊಳ್ಳುತ್ತಿತ್ತು. ಊರಿನ ಜಾಲವೆಲ್ಲ ಕಡಿದು ಬಿದ್ದಿದ್ದುದರಿಂದ ಹಲಗೆ 4 ಗಂಟೆ 17 ನಿಮಿಷವನ್ನೇ ನಂಬಿ ಅಲ್ಲಿಂದ ಮುಂದಕ್ಕೆ ಎಣಿಸತೊಡಗಿ, ಬಿರುಗಾಳಿಯ ನಂತರದ ದಿನಗಳ ಲೆಕ್ಕವನ್ನು ಬಿರುಗಾಳಿಯ ದಿನದಿಂದಲೇ ಮೊದಲುಮಾಡಿತ್ತು. ಆ ಸಾಲುಗಳ ದಿನಾಂಕಗಳನ್ನು ಒಂದೊಂದಾಗಿ ಕೈಯಿಂದ ತಿದ್ದಿದೆ. ಮುಂದೆ ಗುಂಡಿ ಬ್ಯಾಟರಿಯ ಗಡಿಯಾರದ ಸಣ್ಣ ತುಣುಕೊಂದನ್ನು ಆ ಪಿನ್ನುಗಳಿಗೆ ಕೂರಿಸಿದ ಮೇಲೆ ಈ ತೊಡಕು ತೀರಿತು.

ಮುಂದಿನ ಸಂಕ್ರಾಂತಿಗೆ ಹಲಗೆ ಮತ್ತೆ ವಿಜಯವಾಡಕ್ಕೆ ಹೋಯಿತು. ಅಷ್ಟರಲ್ಲಿ ನಾನು ಅದರಲ್ಲಿ ಕನ್ನಡವನ್ನು ನೆಲೆಗೊಳಿಸಿದ್ದೆ. ಮೊದಮೊದಲು ಅಕ್ಷರಗಳ ಬದಲಿಗೆ ಖಾಲಿ ಚೌಕಗಳು ಕಾಣುತ್ತಿದ್ದುವು, ಲೋಹಿತ್ ಮತ್ತು ನವಿಲು ಫಾಂಟುಗಳನ್ನು ಹಾಕಿದೊಡನೆ ಒತ್ತಕ್ಷರಗಳೂ ದೀರ್ಘಗಳೂ ತಂತಮ್ಮ ಎಡೆಗಳಲ್ಲಿ ನೆಟ್ಟಗೆ ಕುಳಿತುವು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸವೂ ಸಿಕ್ಕಿತು. ಊರಿನಿಂದ ನನ್ನ ಅವ್ವ ಮೊಮ್ಮಗಳಿಗೆಂದು ಬರೆದ ಕಾಗದವನ್ನು ನಾನು ಅದರಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿ ತೋರಿಸಿದರೆ, ಹುಡುಗಿ ಅಲ್ಲೊಂದು ಇಲ್ಲೊಂದು ಅಕ್ಷರವನ್ನು ತೆಲುಗಿನ ಹೋಲಿಕೆಯಿಂದ ಊಹಿಸಿ, ಉಳಿದುದನ್ನು ಓದಲಾಗದೆ ತಡವರಿಸಿದಳು. ಆಗ ಅವಳಿಗೆ ಒಂದು ಗುಟ್ಟು ಹೇಳಿದೆ. ಯುನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ತೆಲುಗಿಗೆ 128 ಮನೆಗಳು, ಅದರ ಮಗ್ಗುಲಲ್ಲಿಯೇ ಕನ್ನಡಕ್ಕೆ 128 ಮನೆಗಳು. ನಮ್ಮ ದೇಶದವರು ಹಿಂದೆಯೇ ಇಸ್ಕಿ ಎಂಬ ಸಂಕೇತದಲ್ಲಿ ಭಾರತದ ಹಲವು ಲಿಪಿಗಳನ್ನು ಒಂದೇ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ್ದರು, ಯುನಿಕೋಡು ಅದೇ ಕ್ರಮವನ್ನು ಅನುಸರಿಸಿತು. ಆದುದರಿಂದ ಕನ್ನಡದ ಕಕಾರದ ಸಂಖ್ಯೆಯಲ್ಲಿ 128ನ್ನು ಕಳೆದರೆ ಸಿಗುವುದು ತೆಲುಗಿನ ಕಕಾರ.

ಅವಳು ಮುಂದಿನದನ್ನು ಹೇಳಗೊಡಲಿಲ್ಲ. ಪೈಥಾನಿನಲ್ಲಿ ಒಂದು ಪುಟ್ಟ ಸುತ್ತು ಬರೆದು, ಪ್ರತಿ ಅಕ್ಷರದಿಂದಲೂ 128 ಕಳೆದು ಅಜ್ಜಿಯ ಕಾಗದವನ್ನು ಓಡಿಸಿದಳು. ಮೊದಲ ಸಲ ಪದಗಳ ನಡುವಣ ತೆರಪುಗಳಿಂದಲೂ 128 ಕಳೆಯಲು ಹೋಗಿ ಯಂತ್ರ ತಕರಾರು ತೆಗೆಯಿತು. ಕನ್ನಡದ ಅಕ್ಷರವಾದರೆ ಮಾತ್ರ ಕಳೆ ಎಂದು ತಿದ್ದಿದಳು. ತೆರೆಯ ಮೇಲೆ ತೆಲುಗು ಲಿಪಿಯಲ್ಲಿ ನನ್ನ ಅವ್ವನ ಬಾಗಲಕೋಟೆಯ ಕನ್ನಡ ಇಳಿದು ಬಂದಿತು. ಹುಡುಗಿ ಅದನ್ನು ಎತ್ತಿದ ದನಿಯಲ್ಲಿ, ಒಂದೆಡೆಯೂ ನಿಲ್ಲದೆ ಓದಿದಳು; ಅಡಿಗೆಮನೆಯಲ್ಲಿದ್ದ ತಂಗಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಯಾರು ಓದಾಕ್ಹತ್ಯಾರ, ಅಣ್ಣಾ?" ಎಂದಳು.

ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಹಿಂದಿಗೆ ಎಷ್ಟು ಕಳೆಯಬೇಕು ಎಂದಳು; 896 ಎಂದೆ. ಹಿಂದಿಯೂ ಬಂದಿತು, ಹ್ರಸ್ವ ಎಕಾರ ಒಕಾರಗಳ ಜಾಗದಲ್ಲಿ ಮಾತ್ರ ಅವಳು ಶಾಲೆಯಲ್ಲಿ ಕಾಣದ ಅಕ್ಷರಗಳು ಕಂಡುವು. ಆಮೇಲೆ ತಮಿಳಿನ ಫಾಂಟನ್ನು ಹಾಕಿಸಿಕೊಂಡು 256 ಕಳೆದಳು. ಅಜ್ಜಿಯ ಕಾಗದದಲ್ಲಿ ಗ, ದ, ಬಗಳು ಬರುವೆಡೆಯಲ್ಲೆಲ್ಲ ಖಾಲಿ ಚೌಕಗಳು ಸಾಲುಗಟ್ಟಿ ನಿಂತುವು. "ಇದು ಪವರಿಂದಲ್ಲ ಹೌದಲ್ಲ, ಮಾಮಾ?" ಎಂದಳು. ಅಲ್ಲ, ತಮಿಳಿನಲ್ಲಿ ಕಕಾರವೊಂದೇ ಖ, ಗ, ಘಗಳ ಕೆಲಸವನ್ನೂ ಮಾಡುತ್ತದೆ, ಆ ಮನೆಗಳನ್ನು ಯುನಿಕೋಡಿನಲ್ಲಿ ಬರಿದಾಗಿ ಬಿಟ್ಟಿದ್ದಾರೆ ಎಂದು ತಿಳಿಯಹೇಳಿದೆ. ಅವಳು ಕೀಬೋರ್ಡನ್ನು ತೊಡೆಯ ಮೇಲೆ ಎಳೆದುಕೊಂಡು, ಬರಿದಾದ ಮನೆ ಸಿಕ್ಕಿದರೆ ವರ್ಗದ ಮೊದಲ ಅಕ್ಷರಕ್ಕೆ ಹಿಂದಿರುಗು ಎಂಬ ನಿಯಮವನ್ನು ಬರೆಯಲು ಕುಳಿತಳು. ನಾನು ರೈಲಿಗೆ ಹೊರಡುವ ಹೊತ್ತಿಗೆ ಕ-ವರ್ಗ, ಚ-ವರ್ಗಗಳು ಮುಗಿದು ಟ-ವರ್ಗ ನಡೆದಿತ್ತು. ಹಲಗೆಯನ್ನು ಅಲ್ಲಿಯೇ ಬಿಟ್ಟು ಬಂದು, ನನಗೆಂದು ಇನ್ನೊಂದನ್ನು ತರಿಸಿಕೊಂಡೆ.